ದೋಣಿಗೆ ಉಡಿ

ಮೊರದಲ್ಲಿ ಅಕ್ಕಿ ಹರಡಿಕೊಂಡು ನುಚ್ಚನ್ನು ಒಂದು ಕಡೆ, ಇಡಿ ಕಾಳನ್ನು ಒಂದು ಕಡೆ ಸರಿಸುತ್ತಿದ್ದೆ. ಇಂದೂಬಾಯಿ ಎದುರಿನ ಕುರ್ಚಿಯಲ್ಲಿ ಮೊಣಕಾಲಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ನೋಡುತ್ತಿದ್ದರು. ಬೊಗಸೆಯಷ್ಟು ಇಡಿ ಕಾಳು ಕೂಡಿದ ಮೇಲೆ ಅವರು ಕೇಳಿದರು.

"ಇಷ್ಟು ಅಕ್ಕಿ ಯಾರಿಗೆ ಸಾಲತದ? ಗುಬ್ಬಿಗೇನು?"

"ಸಮುದ್ರಕ್ಕರೀ."

ಇಂದೂಬಾಯಿ ಆಡುವುದು ಮರಾಠಿ. ನಾನು ನನ್ನ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ಪುಣೆಯ ಖಡಕಿಯಲ್ಲಿ ಶಿವಪ್ಪ ಮಾಮಾನ ಪಕ್ಕದ ಮನೆ ಅವರದು. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಮೊಣಕಾಲಿನ ಆಪರೇಷನ್ ಆದಾಗ ಅವರ ಜೊತೆಗಿರಲು ಮಾಮಾ ನನ್ನನ್ನು ಗೋಕಾಕದಿಂದ ನಾಲ್ಕು ತಿಂಗಳಿಗೆಂದು ಕರೆಸಿದ್ದ. ಅವ್ವನ ರೊಟ್ಟಿ ವ್ಯಾಪಾರಕ್ಕೆ ಕೈ ಬೇಕಾಗಿ ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. "ಹತ್ತನೇದು ಹೊರಗಿಂದ ಕಟ್ಟಬಹುದು. ಇಲ್ಲೇ ಇರು, ನಾ ಕಲಸ್ತೀನಿ" ಎಂದು ಬಾಯಿ ಹೇಳಿ ತಿಂಗಳಾಗಿತ್ತು. ಅದನ್ನು ಅವ್ವನಿಗೆ ತಿಳಿಸಲು ನನಗೆ ಧೈರ್ಯ ಬಂದಿರಲಿಲ್ಲ. ಅಷ್ಟರಲ್ಲಿ ಸೋಮವಾರದ ರೈಲಿಗೆ ಟಿಕೆಟ್ ಆಗಿಹೋಯಿತು.

ಹೋಗುವ ಮುಂಚೆ ನನಗೆ ಸಮುದ್ರ ತೋರಿಸಬೇಕೆಂಬುದು ಬಾಯಿಯ ಹಟ. ಆ ಸುದ್ದಿ ಕೇಳಿ ಅವ್ವ ಫೋನಿನಲ್ಲಿ ಹೇಳಿದ್ದಳು: "ಮೊದಲನೇ ಸಲ ನೋಡ್ತಿ, ಬರಿಗೈಲೆ ಹೋಗಬ್ಯಾಡ. ಗಂಗವ್ವಗ ಉಡಿ ತುಂಬು. ಮಂಗಳವಾರ ಇನ್ನೂರು ರೊಟ್ಟಿ ಅದಾವ ಮತ್ತ. ಪುಣೆದಾಗ ಕುಂತು ಕೈ ಮೆತ್ತಗಾಗಿರಬೇಕು ನಿಂದು."

ನಮ್ಮ ಕಡೆ ಹೊಸ ಹೊಳೆ ಕಂಡರೆ ಹೆಂಗಸರಿಗೆ ಮಡಿಲು ತುಂಬಿದ ಹಾಗೆ ಅದಕ್ಕೂ ಉಡಿ ತುಂಬುತ್ತಾರೆ. ನೀರೆಂದರೆ ಗಂಗವ್ವ, ಹೆಣ್ಣು. ಕ್ಯಾಂಪಿನ ಪೇಟೆಗೆ ಹೋಗಿ ಕುಬಸದ ಖಣ ತಂದೆ. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು, ಅಡಿಕೆ ಎಲ್ಲ ಸೇರಿಸಿ ಗಂಟು ಕಟ್ಟಿದೆ.

ಭಾನುವಾರ ನಸುಕಿನಲ್ಲಿ ಕಾರು ಹೊರಟಿತು. ಘಾಟು ಇಳಿದು ಎಷ್ಟೋ ಹೊತ್ತಾದ ಮೇಲೆ ತೆಂಗಿನ ಮರಗಳ ಸಂದಿಯಲ್ಲಿ ನೀಲಿ ಗೋಡೆಯೊಂದು ಕಂಡಿತು. ಅದು ಅಲುಗಾಡಿದಾಗಲೇ ಸಮುದ್ರವೆಂದು ನನಗೆ ತಿಳಿದದ್ದು. ನೀರಿನ ನಡುವೆ ಜಂಜಿರಾ ಕೋಟೆ ಕಪ್ಪಗೆ ಕೂತಿತ್ತು.

"ಎಷ್ಟು ಮಂದಿ ಮುತ್ತಿಗಿ ಹಾಕಿದ್ರೂ ಸಿಗಲಿಲ್ಲ," ಎಂದರು ಬಾಯಿ. "ಒಳಗ ಸಿಹಿನೀರಿನ ಕೆರಿ ಅದ. ದೋಣಿ ಹತ್ತಬ್ಯಾಡ ಅಂದಾನ ನನ್ನ ಡಾಕ್ಟರ್. ನೀ ನೋಡಿ ಬಂದು ನನಗ ಪಾಠ ಹೇಳು."

ದೋಣಿಗಳು ನಿಲ್ಲುವ ಧಕ್ಕೆಯ ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚಿದೆ. ಪಕ್ಕದಲ್ಲಿ ಕೋಳಿ ಎಂಬ ಮೀನುಗಾರ ಜಾತಿಯ ಹೆಂಗಸರು ಬಿದಿರ ಗಳಕ್ಕೆ ಮೀನು ಒಣಹಾಕುತ್ತಿದ್ದರು. ಅವರಲ್ಲಿ ಹಿರಿಯಳು, ಭಾಮಾ ಎಂದು ಉಳಿದವರು ಕರೆಯುತ್ತಿದ್ದವಳು, ಕತ್ತು ಚಾಚಿ ನೋಡಿದಳು.

"ಯಾರಿಗ ಉಡಿ, ಪೋರಿ?"

"ಸಮುದ್ರಕ್ಕರೀ."

"ಅವ ಗಂಡಸು. ನಾವು ಅವನಿಗೆ ತೆಂಗಿನಕಾಯಿ ಕೊಡೋದು. ನೀ ಖಣ ಕೊಟ್ರ ಯಾರ ಕಡೆ ಹೊಲಸ್ಕೋಬೇಕು ಅವ?"

"ಅಳತಿ ತಗೊಳ್ಳಾಕ ಟೇಪ್ ಸಾಲಬೇಕಲ್ಲ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ನನ್ನ ಕಿವಿ ಬಿಸಿಯಾದವು. ಬಾಯಿಯ ಕಡೆ ನೋಡಿದೆ. ಅವರೂ ನಗು ತಡೆದುಕೊಂಡಿದ್ದರು. "ಕೋಟಿ ಕಟ್ಟಿದ ಇಸವಿ ಕೇಳು, ಹೇಳ್ತೀನಿ. ಇದು ನನಗ ಗೊತ್ತಿಲ್ಲ."

ಮೊದಲಾಗಿದ್ದರೆ ಗಂಟು ಕಟ್ಟಿಕೊಂಡು ಎದ್ದು ಬಿಡುತ್ತಿದ್ದೆ. ಆದರೆ ಅವ್ವನಿಗೆ ಏನು ಹೇಳಲಿ? "ಹಂಗಾದ್ರ ಇದನ್ನ ಯಾರಿಗೆ ತುಂಬಲಿ, ಮಾವಶಿ?" ಎಂದು ಕೇಳಿದೆ. ಪುಣೆಗೆ ಬಂದ ಮೇಲೆ ಗುರುತಿಲ್ಲದವರನ್ನು ನಾನಾಗಿ ಮಾತಾಡಿಸಿದ್ದು ಅದೇ ಮೊದಲು.

ಭಾಮಾ ನಗು ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡಳು. "ದೋಣಿಗೆ ತುಂಬು. ದೋಣಿ ನಮ್ಮ ಮನಿ ಮಗಳು. ದಿನಾ ಹೋಗತಾಳ, ದಿನಾ ಬರತಾಳ. ಹೋಗೋ ಮಗಳಿಗೇ ಅಲ್ಲೇನು ಉಡಿ ತುಂಬೋದು?"

ಕೋಟೆಗೆ ಹೊರಟಿದ್ದ ಹಾಯಿದೋಣಿ ಅವಳ ಮನೆಯದೇ. ಅದರ ಮೂತಿಗೆ ಅರಿಸಿನ ಕುಂಕುಮ ಹಚ್ಚಿದೆ, ಖಣ ಹಾಸಿ ಐದು ಸಲ ಅಕ್ಕಿ ಹಾಕಿದೆ. ಭಾಮಾ ಅದರಲ್ಲಿ ಐದು ಕಾಳು ಆರಿಸಿ ನನ್ನ ಅಂಗೈಗೆ ಇಟ್ಟಳು. "ಇದು ತವರಿಗೆ."

ನಮ್ಮಲ್ಲೂ ಹೋಗುವ ಮಗಳು ತನ್ನ ಉಡಿಯ ಐದು ಕಾಳು ತವರಿಗೆ ಬಿಟ್ಟು ಹೋಗುತ್ತಾಳೆ. ನನಗೆ ಮಾತ್ರ ಯಾರೂ ಉಡಿ ತುಂಬಿರಲಿಲ್ಲ. ನಾಲ್ಕು ತಿಂಗಳಿಗೆ ಯಾಕೆ ಉಡಿ ಎಂದು ಅವ್ವ ಹಾಗೇ ಬಸ್ಸು ಹತ್ತಿಸಿದ್ದಳು.

ಅದೇ ದೋಣಿ ಹತ್ತಿ ಹೋದೆ. ಕೋಟೆಯ ಬಾಗಿಲಲ್ಲಿ ಕಲ್ಲಿನ ಮೃಗವೊಂದು ಪುಟ್ಟ ಆನೆಗಳನ್ನು ಉಗುರಲ್ಲಿ ಹಿಡಿದಿತ್ತು. ಹಳೆಯ ಫಿರಂಗಿಗಳ ಮೇಲೆ ಹುಡುಗರು ಆಡುಗಳ ಹಾಗೆ ಹತ್ತಿದ್ದರು. ಬಾಯಿಗೆ ಹೇಳಲು ಎಲ್ಲ ನೆನಪಿಟ್ಟುಕೊಂಡೆ. ಕೆರೆಯ ಮೆಟ್ಟಿಲ ಮೇಲೆ ಕೂತು ಅವ್ವನಿಗೆ ಫೋನ್ ಹಚ್ಚಿದೆ. ಪೂರ್ತಿ ರಿಂಗಾಗಿ ನಿಂತಿತು. ಆ ಹೊತ್ತಿಗೆ ಅವಳ ಕೈ ಹಿಟ್ಟಿನಲ್ಲಿರುತ್ತದೆ. ಓದಲು ಬಾರದು, ಧ್ವನಿ ಕಳಿಸಿದರೆ ಕೇಳುತ್ತಾಳೆ. ಐದು ಕಾಳನ್ನು ಮುಷ್ಟಿಯಲ್ಲಿ ಹಿಡಿದು ಮೈಕಿನ ಗುಂಡಿ ಒತ್ತಿದೆ.

"ಅವ್ವಾ, ನಾಳಿ ಹೊಂಡ್ತೀನಿ. ಮಂಗಳವಾರದ ರೊಟ್ಟಿ ಬಡದು ಕೊಡ್ತೀನಿ. ಆಮ್ಯಾಲೆ ಬಾಯಿಯೋರ ಹತ್ರ ಇದ್ದು ಹತ್ತನೇದು ಕಟ್ಟಬೇಕಂತ ಮಾಡೀನಿ. ಈ ಸಲ ಉಡಿ ತುಂಬಿ ಕಳಸು."