ಪೆಡಲಿನ ಮಾತು

ಅಣ್ಣ ಓಡಿಸುತ್ತಿದ್ದ ಬಸ್ಸು ಸ್ಟಾಪಿನಲ್ಲಿ ನಿಂತಿದ್ದ ದರ್ಜಿಯೊಬ್ಬನ ಮೇಲೆ ಹರಿದಾಗ, ತಂಗಿ ಅಂಥದೇ ಬಸ್ಸುಗಳನ್ನು ಕಟ್ಟುವ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಕೆಲಸದಲ್ಲಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ದರ್ಜಿ ತೀರಿಕೊಂಡ.

"ಜೀವ ಬಿಟ್ಟು ಬ್ರೇಕು ತುಳಿದೆ ಕಣೇ," ಎಂದ ಅಣ್ಣ, ಠಾಣೆಯಿಂದ ಬಂದವನೇ ಅಡುಗೆಮನೆಯ ನೆಲದ ಮೇಲೆ ಕುಸಿದು. "ಪೆಡಲು ಕೆಳಗೆ ಹೋಯ್ತು. ಬಸ್ಸು ನನ್ನ ಮಾತೇ ಕೇಳಲಿಲ್ಲ."

"ಮನೇಲಿ ನನ್ನ ಮಾತು ಇವರಿಗೆ ಮುಟ್ಟಲ್ಲ, ಅಲ್ಲಿ ಇವರ ಮಾತು ಬಸ್ಸಿಗೆ ಮುಟ್ಟಿಲ್ಲ," ಎಂದು ಅತ್ತಿಗೆ ನಗಿಸಲು ನೋಡಿದಳು. ಹೇಳುತ್ತಲೇ ಅತ್ತುಬಿಟ್ಟಳು.

ತಂಗಿ ಅಣ್ಣನನ್ನು ನಂಬಿದಳು. ಆ ಮಾದರಿಯಲ್ಲಿ ಪೆಡಲಿಗೂ ಬ್ರೇಕಿಗೂ ನಡುವೆ ಇರುವುದು ಹೆಣೆದ ಎರಡು ತಂತಿ. ಬಾಗಿಲು, ಎಂಜಿನ್, ಪೆಡಲು ಎಲ್ಲದರ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಆ ತಂತಿಯ ಮೇಲೆಯೇ ಸಂದೇಶ ಕಳಿಸಬೇಕು. ಪ್ರತಿ ಸಂದೇಶಕ್ಕೂ ಒಂದು ಚೌಕಟ್ಟು: ಮೊದಲು ಗುರುತು, ಆಮೇಲೆ ವಿಷಯ, ಕೊನೆಗೆ ಸಂದೇಶ ಕೆಡದೆ ಬಂದಿದೆಯೇ ಎಂದು ತಾಳೆ ನೋಡುವ ಅಂಕಿ. ತಾಳೆಯಾಗದ್ದನ್ನು ಉಳಿದ ಪೆಟ್ಟಿಗೆಗಳು ತಳ್ಳಿಹಾಕುತ್ತವೆ, ಮತ್ತೆ ಕಳಿಸಬೇಕು. ಮೇಲಿಂದ ಮೇಲೆ ತಪ್ಪುವ ಪೆಟ್ಟಿಗೆ, ಬೇರೆಯವರ ಮಾತು ಕೆಡದಿರಲೆಂದು, ತಾನೇ ಬಾಯಿ ಮುಚ್ಚಿಕೊಂಡು ತಂತಿಯಿಂದ ಹೊರಗುಳಿಯುತ್ತದೆ. ಪೆಡಲಿನದಕ್ಕೆ ಅದೇ ಆಗಿರಬೇಕು. ತಂತಿ ಕೈಕೊಟ್ಟಾಗ ಗಾಳಿಯ ಒತ್ತಡದಿಂದ ತಡವಾಗಿ ಹಿಡಿಯುವ ಬದಲಿ ಬ್ರೇಕು ಕೆಲಸ ಮಾಡುವಷ್ಟರಲ್ಲಿ ದರ್ಜಿ ಚಕ್ರದಡಿ ಇದ್ದ.

ಬಸ್ಸಿನಲ್ಲಿ ದಾಖಲಾಗಿದ್ದ ಸಂದೇಶಗಳನ್ನು ವಿಚಾರಣೆಯವರು ತೆಗೆಸಿ ನೋಡಿದರು. ಬ್ರೇಕು ತುಳಿದ ಸಂದೇಶ ಒಂದೂ ಇರಲಿಲ್ಲ. ಡ್ರೈವರ್ ತುಳಿದಿಲ್ಲ ಎಂದು ತೀರ್ಮಾನವಾಯಿತು.

"ತುಳಿದಿಲ್ಲ ಅನ್ನೋ ಸಂದೇಶವೂ ಇಲ್ವಲ್ಲ ಸಾರ್?" ಎಂದು ತಂಗಿ ತನ್ನ ಮೇಲಧಿಕಾರಿಯನ್ನು ಕೇಳಿದಳು.

"ಪೆಡಲು ಅಲುಗಾಡಿದ್ರೆ ಮಾತ್ರ ದಾಖಲಾಗೋದು. ನಿಮಗೇ ಗೊತ್ತಲ್ಲಮ್ಮ," ಎಂದ ಅವನು, ಮೆತ್ತಗೆ. "ಬಾರದೇ ಇರೋ ಸಂದೇಶಾನ ನಾನು ಎಲ್ಲಿಂದ ತಂದು ತೋರಿಸ್ಲಿ?"

ಪೆಡಲಿನ ಆ ಪೆಟ್ಟಿಗೆಯಾದರೂ ಸಿಕ್ಕೀತೇ ಎಂದು ಡಿಪೋಗೆ ಓಡಿದಳು. ಮುಂಭಾಗ ರಿಪೇರಿ ಮಾಡುವಾಗ ಹಳೆಯದೆಲ್ಲ ಗುಜರಿಗೆ ಹೋಗಿತ್ತು. ಅದೇ ಮಾದರಿಯ ಬೇರೊಂದು ಬಾಯಿ ಮುಚ್ಚೀತೇ ನೋಡಲು ಪರೀಕ್ಷಾ ಕೊಠಡಿಯ ಮೇಜಿನ ಮೇಲಿಟ್ಟು ಕಾಯಿಸಿದಳು, ಕುಲುಕಿದಳು, ನೀರು ಚಿಮುಕಿಸಿದಳು. ಅದು ಒಂದೂ ಸಂದೇಶ ತಪ್ಪಿಸದೆ ಕಳಿಸುತ್ತಲೇ ಇತ್ತು. ಅವಳಿಗೆ ಅದನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಡ್ರೈವರನ ತಂಗಿ ಎಂದು ತಿಳಿದ ಮೇಲೆ ವಿಚಾರಣೆಯವರು ಅವಳ ಮಾತಿಗೆ ಕಿವಿಗೊಡಲಿಲ್ಲ. ಕಾರ್ಖಾನೆ ಅವಳನ್ನು ಸೀಟು ಹೊಲಿಯುವ ವಿಭಾಗದ ಉಸ್ತುವಾರಿಗೆ ಹಾಕಿತು.

ಅಣ್ಣನ ಲೈಸೆನ್ಸು ಹೋಯಿತು. ಅವನು ಮಾತು ಕಡಿಮೆ ಮಾಡಿದ. ಒಂದು ಬೆಳಿಗ್ಗೆ ತಂಗಿ ಬಂದಾಗ ಕುರ್ಚಿಯಲ್ಲಿ ಕೂತು ತನ್ನ ಬಲಗಾಲನ್ನೇ ನೋಡುತ್ತಿದ್ದ.

"ನಿಜವಾಗ್ಲೂ ತುಳಿದಿದ್ನೇನೇ ನಾನು?"

"ತುಳಿದಿದ್ದೆ ಅಣ್ಣ."

"ನೀನು ಅಲ್ಲಿದ್ಯಾ?"

ತಂಗಿ ಅವನ ಕಾಲ ಬಳಿ ನೆಲದ ಮೇಲೆ ಕೂತಳು.

"ಅಷ್ಟು ಓದಿದವರು ನೋಡಿ ಹೇಳ್ತಿದಾರೆ," ಎಂದ ಅವನು. "ನನಗೇ ಭ್ರಮೆ ಇರಬೇಕು."

ಕೋರ್ಟಿನ ಮುಂದಿನ ವಿಚಾರಣೆಯಲ್ಲಿ, ಯಾರೂ ಒತ್ತಾಯಿಸದೆ, ಅವನು ತಪ್ಪು ಒಪ್ಪಿಕೊಂಡ. ದರ್ಜಿಯ ಹೆಂಡತಿ ಎದುರು ಬೆಂಚಿನಲ್ಲಿದ್ದಳು. ಅವನು ಅವಳಿಗೆ ಕೈಮುಗಿದ. ಅವಳು ಮುಖ ತಿರುಗಿಸಿದಳು.