ಗದ್ದುಗೆಗೆ ಹಾಸಿದ ಕಂಬಳಿ

ಬೆಳಿಗ್ಗೆ ಒಂಬತ್ತಾದರೂ ಹಳೇಬೀಡಿನ ಮೈದಾನದಲ್ಲಿ ಮಂಜು ಬಿಟ್ಟಿರಲಿಲ್ಲ. ಕಾರ್ತಿಕದ ಗಾಳಿ ಕೆರೆ ಮೇಲಿಂದ ಬೀಸಿ ಶಾಮಿಯಾನದ ಬಟ್ಟೆಯನ್ನು ಪಟಪಟ ಬಡಿಯುತ್ತಿತ್ತು. ಗೇಟಿನ ಬದಿಯ ಒದ್ದೆ ಹುಲ್ಲಿನ ಮೇಲೆ ಗೋಣಿತಾಟು ಹಾಸಿಕೊಂಡು, ತೊಡೆಯ ಮೇಲೆ ಒಂದೇ ಒಂದು ಕಂಬಳಿ ಇಟ್ಟುಕೊಂಡು ಕೆಂಪಲಕ್ಷ್ಮಮ್ಮ ಕೂತಿದ್ದಳು. ಕೈಕಸುಬಿನವರ ಸಂತೆ ಎಂದು ಕರೆದಿದ್ದರು. ಒಳಗಿನ ಮಳಿಗೆಗಳೆಲ್ಲ ಲಾರಿಯಲ್ಲಿ ಮಿಲ್ಲಿನ ರಗ್ಗು ತಂದವರಿಗೆ ಹೋಗಿದ್ದವು.

ಅದು ಕರಿಕುರಿ ತುಪ್ಪಟದ ಕಂಬಳಿ. ನೂತವಳು ಅವಳು, ನೇಯ್ದವನು ಗಂಡ ಅಣ್ಣಯ್ಯ. ಎರಡು ತಿಂಗಳ ಕೆಲಸ. ನೇಯ್ಗೆ ಬಿಗಿಯಾಗಲೆಂದು ಬಳಿದ ಹುಣಸೆ ಬೀಜದ ಗಂಜಿ ಬಿಸಿಲಿಲ್ಲದೆ ಆರುವುದಕ್ಕೇ ನಾಲ್ಕು ದಿನ ಹಿಡಿದಿತ್ತು. ಅರಸೀಕೆರೆ ಕಡೆಯ ಗಂಡಸಿ ಪಕ್ಕದ ಅವರ ಊರಿನ ಹೊಲದಲ್ಲಿ ಕುರಿಯವರು ಬೀಡುಬಿಟ್ಟು ತುಪ್ಪಟ ಕತ್ತರಿಸುತ್ತಿದ್ದರು. ಕೈಗೆ ದುಡ್ಡು ಬಿದ್ದರೆ ಮಾತ್ರ ಕೊಡುವವರು. ನಾಳೆ ಹೊತ್ತು ಮೂಡುವುದರೊಳಗೆ ಮುಂದಿನ ಸೀಮೆಗೆ ಹೊರಟುಬಿಡುತ್ತಾರೆ. ಇವತ್ತು ಈ ಕಂಬಳಿ ಮಾರಿ ತುಪ್ಪಟ ಕೊಂಡರೆ ಬೇಸಿಗೆವರೆಗೂ ಮಗ್ಗ ಆಡುತ್ತದೆ. ಇಲ್ಲದಿದ್ದರೆ ಮಗ್ಗದ ಗುಂಡಿ ಮುಚ್ಚಿ ಶುಂಠಿ ಹೊಲದ ಕೂಲಿಗೆ ಹೋಗಬೇಕು. ಅಣ್ಣಯ್ಯನಿಗೆ ಅದೂ ಆಗದು. ಮೂವತ್ತು ವರ್ಷ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನ ಸೊಂಟ ಇನ್ನೊಂದು ಕೆಲಸಕ್ಕೆ ಬಗ್ಗುತ್ತಿರಲಿಲ್ಲ.

ಮೊದಲು ಬಂದವರು ಹಗರೆಯ ಕೊಬ್ಬರಿ ವ್ಯಾಪಾರಿ ಮರುಳಪ್ಪ. ಕಂಬಳಿಯ ಅಂಚು ಎತ್ತಿ ಮೂಗಿಗೆ ಹಿಡಿದರು.

"ಇದ್ರಲ್ಲಿ ಕುರಿ ವಾಸ್ನೆ ಐತೆ. ಒಳಗಿರೋವು ಬರೀ ಸೀಮೆಎಣ್ಣೆ ವಾಸ್ನೆ," ಎಂದು ನಕ್ಕರು. "ಮಗಳು ಪ್ರತಿಮಾ ಮದ್ವೆ ಹಸೆಗೆ ಬೇಕವ್ವ. ಯಾರೂ ಕುಂತಿರಬಾರ್ದು, ಹೊದ್ದಿರಬಾರ್ದು."

"ಮಗ್ಗದಿಂದ ಇಳಿದ್ಮೇಲೆ ನೆಲ ಮುಟ್ಟಿಲ್ಲ ಯಜಮಾನ್ರೆ."

ಅವರು ಚೌಕಾಸಿ ಮಾಡಲಿಲ್ಲ. ಬೇಲೂರಿಗೆ ಹೋಗಿ ಊಟದ ಹೊತ್ತಿಗೆ ಬಂದು ದುಡ್ಡು ಕೊಟ್ಟು ಒಯ್ಯುವುದಾಗಿ ಹೇಳಿದರು. ಅವಳು ಮುಂಗಡ ಕೇಳಲಿಲ್ಲ. ಅವರ ಮಾತೇ ಸಾಕಿತ್ತು.

ಹನ್ನೊಂದಕ್ಕೆ ಸಂತೆಯ ಉಸ್ತುವಾರಿ ಅಧಿಕಾರಿ ಉದಯಕುಮಾರ್ ಓಡೋಡಿ ಬಂದ. ಕೈಮಗ್ಗ ನಿಗಮದ ಅಧ್ಯಕ್ಷರು ಬಂದುಬಿಟ್ಟಿದ್ದಾರೆ, ದೀಪ ಹಚ್ಚುವ ಮುಂಚೆ ವೇದಿಕೆಯಲ್ಲಿ ಕಂಬಳಿ ಹಾಸಿ ದೊಡ್ಡವರಿಗೆ ಗದ್ದುಗೆ ಹಾಕಬೇಕು, ನಮ್ಮ ಕಡೆಯ ಪದ್ಧತಿ ಫೋಟೋದಲ್ಲಿ ಬರಬೇಕು ಎಂದ. ಅವಳು ಕಂಬಳಿಯನ್ನು ಎದೆಗೆ ಒತ್ತಿಕೊಂಡಳು. ಇದಕ್ಕೆ ಗಿರಾಕಿ ಆಗಿದೆ ಎಂದಳು.

"ಗದ್ದುಗೆಗೆ ಹಾಸಿದ್ದ ನಾವು ಮತ್ತೆ ಮಾರಂಗಿಲ್ಲ ಸಾರ್."

"ಮಾರೋದ್ಯಾಕಮ್ಮ? ಆಫೀಸಿಂದ್ಲೇ ತಗೋತೀವಿ. ಸಂಜೆಗೆ ದುಡ್ಡು ನಿಮ್ಮ ಕೈಲಿರುತ್ತೆ."

ಗದ್ದುಗೆಗೆ ಕಂಬಳಿ ಕೇಳಿದವರಿಗೆ ಇಲ್ಲ ಅನ್ನಬಾರದು ಎಂಬುದು ಅವಳ ಅತ್ತೆಯ ಕಾಲದಿಂದ ಬಂದ ನೇಮ. ದುಡ್ಡು ಯಾರಿಂದ ಬಂದರೇನು, ಮರುಳಪ್ಪನವರಿಗೆ ಮದುವೆಯೊಳಗೆ ಇನ್ನೊಂದು ನೇಯ್ದು ಕೊಟ್ಟರಾಯಿತು ಎಂದುಕೊಂಡಳು. ಎದ್ದು ನಿಂತು, ತಲೆ ಮೇಲೆ ಸೆರಗು ಹೊದ್ದು, ಎರಡೂ ಕೈಯಲ್ಲಿ ಕೊಟ್ಟಳು.

ಅಧ್ಯಕ್ಷರು ಇಬ್ಬನಿ ಹುಲ್ಲು ತುಳಿದು ಬಂದ ಬೂಟಿನಲ್ಲೇ ಕಂಬಳಿ ಹತ್ತಿದರು. ಕೈಮಗ್ಗ ಉಳಿಸಿ ಎಂದು ಮುಕ್ಕಾಲು ಗಂಟೆ ಮಾತಾಡಿದರು.

ಊಟದ ಹೊತ್ತಿಗೆ ಸರಿಯಾಗಿ ಬಂದ ಮರುಳಪ್ಪ ವೇದಿಕೆಯ ಮೇಲೆ ಹಾಸಿದ್ದ ಕಂಬಳಿಯನ್ನು ನೋಡಿದರು. ಇನ್ನೊಂದು ನೇಯ್ದು ಕೊಡುತ್ತೇನೆಂದು ಅವಳು ಹೇಳಿದಳು.

"ಮಾತು ಕೊಟ್ಟಿದ್ದು ಇದಕ್ಕೆ ಕಣವ್ವ," ಎಂದರು ಅವರು. ಬೈಯಲಿಲ್ಲ. ಬಸ್ಸಿನ ಕಡೆ ನಡೆದರು. ಅವರ ಜಾಗದಲ್ಲಿದ್ದರೆ ತಾನೂ ಹಾಗೇ ನಡೆಯುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು.

ಮೂರು ಗಂಟೆಗೆ ಉದಯಕುಮಾರ್ ಕಂಬಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಬಂದ. ಒಂದು ಎಳೆಯೂ ಕಿತ್ತಿಲ್ಲ, ತಗೋ ಎಂದ. ದುಡ್ಡು ಕೇಳಿದ್ದಕ್ಕೆ, ಖರೀದಿಗೆ ಮೊದಲೇ ಮಂಜೂರಾತಿ ಬೇಕಿತ್ತು, ಈಗ ಕೇಳಿದರೆ ಮೇಲಿನವರು ಬೈಯುತ್ತಾರೆ ಎಂದ.

"ಧೂಳು ಕೊಡವಿ ಟೂರಿಸ್ಟುಗಳಿಗೆ ಮಾರಮ್ಮ. ಅವರಿಗೇನು ಗೊತ್ತಾಗುತ್ತೆ?"

ಆ ಮಾತು ಕೇಳಿ ಮೈ ಉರಿಯಿತು. ಆದರೂ, ಗುಡಿ ನೋಡಿಕೊಂಡು ಬರುತ್ತಿದ್ದ ಗಂಡಹೆಂಡಿರ ಮುಂದೆ ಕಂಬಳಿ ಹಿಡಿದಳು. ಅರ್ಧ ಬೆಲೆ ಹೇಳಿದಳು. ಹೆಂಗಸು ಮಡಿಕೆ ಬಿಚ್ಚಿದಳು. ನಡುಮಧ್ಯೆ ಎರಡು ಬೂಟಿನ ಗುರುತು. ಒದ್ದೆ ಕೆಸರು ಗಂಜಿಗೆ ಅಂಟಿ ಕಲ್ಲಾಗಿತ್ತು. ಅವರು ಒಳಗೆ ಹೋಗಿ ಹೂವಿನ ರಗ್ಗು ಕೊಂಡು ಬಂದರು. ಗುರುತು ಇರದಿದ್ದರೆ ಮಾರಿಬಿಡುತ್ತಿದ್ದೆನಲ್ಲ ಎಂದು ಕೆಂಪಲಕ್ಷ್ಮಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಫೋನ್ ಬಂತು. ಅಣ್ಣಯ್ಯ.

"ಕುರಿಯೋರು ಗಂಟು ಕಟ್ತಾವ್ರೆ ಕಣೇ. ಹೊಂಟ್ಯಾ?"

"ಇಲ್ಲ," ಎಂದಳು. ಫೋನನ್ನು ಮಡಿಲಿಗೆ ಸಿಕ್ಕಿಸಿಕೊಂಡಳು.

ಊಟ ಮುಗಿಸಿದ ಅಧ್ಯಕ್ಷರ ಕಾರು ಗೇಟಿನತ್ತ ಬರುತ್ತಿತ್ತು. ಕೆಂಪಲಕ್ಷ್ಮಮ್ಮ ಎದ್ದಳು. ಗೇಟಿನ ನಡುವೆ ಕಂಬಳಿ ಬಿಡಿಸಿ, ನಾಲ್ಕೂ ಮೂಲೆ ಎಳೆದು ಸರಿಮಾಡಿ, ಬೂಟಿನ ಗುರುತಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಕಾರು ಹಾರನ್ ಹೊಡೆಯಿತು. ಉದಯಕುಮಾರ್ ಬಂದು ಮೊದಲು ಗದರಿದ, ಆಮೇಲೆ ಕೈ ಮುಗಿದ.

"ಗದ್ದುಗೆ ಮೇಲೆ ಕುಂತೋರ್ನ ಎಬ್ಬಿಸ್ಬಾರ್ದು ಸಾರ್," ಎಂದಳು. "ಬೆಳಿಗ್ಗೆ ಬೂಟಲ್ಲಿ ಹತ್ತಿದೋರ್ನ ನಾನೇನಾರ ಇಳಿಸಿದ್ನಾ?"

ರಗ್ಗಿನವರು ನಕ್ಕರು. ಕಾರು ಒಂದು ಗಳಿಗೆ ನಿಂತು, ಹಿಂದಕ್ಕೆ ಸರಿದು, ಶಾಮಿಯಾನದ ಬೆನ್ನಿಗಿದ್ದ ಇನ್ನೊಂದು ದಾರಿಯಲ್ಲಿ ಹೊರಟುಹೋಯಿತು.

ಹೊತ್ತು ಇಳಿಯಿತು. ಕೆರೆ ಕಡೆಯಿಂದ ಮತ್ತೆ ಗಾಳಿ ಎದ್ದಿತು. ನೆಲದ ತಂಪು ಕಂಬಳಿ ದಾಟಿ ಮೊಣಕಾಲಿಗೆ ಹತ್ತುತ್ತಿತ್ತು. ಅವಳ ಊರಿನ ಕಡೆಗೆ ಹೋಗುವ ಅರಸೀಕೆರೆ ಬಸ್ಸು ರಸ್ತೆಯಲ್ಲಿ ನಿಂತು, ಯಾರೂ ಹತ್ತದೆ ಹೋಯಿತು. ಮಡಿಲಲ್ಲಿ ಫೋನ್ ಮತ್ತೆ ಬಡಿದುಕೊಳ್ಳತೊಡಗಿತು. ಅವಳು ಎತ್ತಲಿಲ್ಲ. ಏಳಲೂ ಇಲ್ಲ.