ಬೆಲ್ಟು ಇರುವ ತನಕ

ಮಗ್ಗುಲಿಗೆ ಹೊರಳಿ, ಬೆನ್ನಿನ ಕೆಳಗೆ ಬೆಲ್ಟನ್ನು ತೂರಿಸಿ, ಮತ್ತೆ ಅಂಗಾತ ಮಲಗಿ ಎರಡೂ ಪಟ್ಟಿಗಳನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುವಷ್ಟರಲ್ಲಿ ಅವಳಿಗೆ ಉಸಿರು ಮೇಲೆ ಬಂದಿತ್ತು. ಎಡಗಡೆಯದು ಸರಿಯಾಗಿ ಕೂರಲಿಲ್ಲ. ಪರ್ರೆಂದು ಕಿತ್ತು ಮತ್ತೆ ಅಂಟಿಸಿದಳು.

ಸದ್ದು ಕೇಳಿ ಅಡುಗೆಮನೆಯಿಂದ ಗಂಡ ಕೂಗಿದ. "ಏಳ್ಬೇಡ, ಟೀ ಅಲ್ಲಿಗೇ ತರ್ತೀನಿ."

"ಸಕ್ಕರೆ ಹಾಕಿದೀರಾ ಇವತ್ತು?"

"ನಿನ್ನೆ ಮರೆತಿದ್ದೂ ಸೇರಿಸಿ ಹಾಕಿದೀನಿ."

"ಅವಳ ಡಬ್ಬಿ ನಾನು ತುಂಬ್ತೀನಿ, ನೀನು ಮುಟ್ಬೇಡ," ಅತ್ತೆಯ ದನಿ. "ಮೊನ್ನೆ ಮುಚ್ಚಳಾನೇ ಹಾಕಿರ್ಲಿಲ್ಲ ನೀನು."

ಮದುವೆಯಾದಾಗಿನಿಂದ ಈ ಮನೆಯಲ್ಲಿ ಅವಳ ಡಬ್ಬಿಗಾಗಿ ಯಾರೂ ಜಗಳವಾಡಿದ್ದಿಲ್ಲ. ಕೆಲಸ ಮಾಡುವ ಬಟ್ಟೆ ಅಂಗಡಿಯ ಏಣಿಯಿಂದ ಬಿದ್ದು ಬೆನ್ನುಮೂಳೆ ಬಿರುಕುಬಿಟ್ಟು, ಎದೆಯ ಕೆಳಗಿನಿಂದ ಸೊಂಟದವರೆಗೆ ಈ ಗಟ್ಟಿ ಬೆಲ್ಟು ಬಂದ ಮೇಲೆ ಎಲ್ಲ ಬದಲಾಯಿತು. ಅದಕ್ಕೂ ಮೊದಲು ಅವಳ ಬೆನ್ನು ನೋಯುತ್ತಿರಲಿಲ್ಲವೆಂದಲ್ಲ. ಆ ನೋವು ಯಾರ ಕಣ್ಣಿಗೂ ಬೀಳುವಂಥದ್ದಾಗಿರಲಿಲ್ಲ. ಬೆಲ್ಟು ಕಣ್ಣಿಗೆ ಬೀಳುತ್ತಿತ್ತು.

ಕಳೆದ ತಿಂಗಳು ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದ್ದರು. "ಮೂಳೆ ಚೆನ್ನಾಗಿ ಕೂಡಿದೆಯಮ್ಮ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಕಡಿಮೆ ಮಾಡ್ತಾ, ವಾರದೊಳಗೆ ಬೆಲ್ಟು ಬಿಟ್ಬಿಡಿ. ವ್ಯಾಯಾಮ ಶುರು ಮಾಡಿ. ಎಲ್ಲಾ ಭಾರ ಅದೇ ಹೊತ್ರೆ ನಿಮ್ಮ ಬೆನ್ನು ಕೆಲಸ ಮರೆತುಬಿಡುತ್ತೆ."

ಗಂಡ ಆಗ ಹೊರಗೆ ಔಷಧಿಯ ಸಾಲಿನಲ್ಲಿದ್ದ. ಏನಂದ್ರು ಎಂದು ಕೇಳಿದಾಗ, "ಇನ್ನೂ ಸ್ವಲ್ಪ ದಿನ ಇರ್ಲಿ ಅಂದ್ರು" ಎಂಬ ಮಾತು ಅವಳ ಬಾಯಿಂದ ತಾನಾಗಿ ಬಂದಿತ್ತು. ಈಗ ಸ್ನಾನಕ್ಕೆಂದು ಬಿಚ್ಚಿದರೆ ಬೆನ್ನು ನೆಟ್ಟಗೆ ನಿಲ್ಲುತ್ತಿರಲಿಲ್ಲ. ನಲ್ಲಿಯನ್ನೋ ಗೋಡೆಯನ್ನೋ ಹಿಡಿದುಕೊಳ್ಳಬೇಕಾಗುತ್ತಿತ್ತು.

ಅಂಗಡಿಯಲ್ಲಿ ಅವಳದು ಪರದೆ, ಹೊದಿಕೆಗಳ ವಿಭಾಗ. ಸುರುಳಿಗಳನ್ನು ಇಳಿಸಿ, ಬಿಡಿಸಿ ತೋರಿಸಿ, ಅಳೆದು ಕತ್ತರಿಸಿ, ಮತ್ತೆ ಸುತ್ತಿಡಬೇಕು. ಗಿರಾಕಿ ಇರಲಿ ಬಿಡಲಿ, ಬಾಗಿಲು ತೆರೆದಾಗಿನಿಂದ ಹಾಕುವ ತನಕ ಕೆಲಸದವರು ಯಾರೂ ಕೂರುವಂತಿಲ್ಲ. ಅವಳು ಮರಳಿ ಬಂದಾಗ ಮಾತ್ರ ಯಜಮಾನರೇ ಒಂದು ಸ್ಟೂಲು ಕೊಡಿಸಿದ್ದರು. ಹುಡುಗಿಯರು ತಮಾಷೆಗೆ ಅವಳನ್ನು ಬೆಲ್ಟು ರಾಣಿ, ಸ್ಟೂಲನ್ನು ಸಿಂಹಾಸನ ಎನ್ನುತ್ತಿದ್ದರು.

ಅವಳ ಪಕ್ಕದಲ್ಲಿ ನಿಲ್ಲುವವಳು ಟೇಪಕ್ಕ. ಅಳತೆಯ ಟೇಪು ಊಟದ ಹೊತ್ತಿನಲ್ಲೂ ಕೊರಳಿನಿಂದ ಇಳಿಯುತ್ತಿರಲಿಲ್ಲವಾದ್ದರಿಂದ ಆ ಹೆಸರು. ಎಲ್ಲರಿಗಿಂತ ಹಿರಿಯಳು. ಸಂಜೆಯಾದರೆ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ, ಕೌಂಟರಿಗೆ ಮೊಣಕೈ ಊರಿ ನಿಲ್ಲುತ್ತಿದ್ದಳು.

ಅಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಟೇಪಕ್ಕ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಈ ಬೆಲ್ಟು ಎಲ್ಲಿ ಸಿಗುತ್ತೆ?"

"ನಿಮಗೂ ಬೆನ್ನು ನೋವಾ ಅಕ್ಕ?"

"ಬೆನ್ನು ನೋವು ನಂಗೆ ನಿನ್ನ ಮದುವೆಗಿಂತ ಹಳೇದು. ಬೆನ್ನಿಗಲ್ಲ ಕಣೇ, ಸ್ಟೂಲಿಗೆ."

ಇಬ್ಬರೂ ನಕ್ಕರು. ಸ್ವಲ್ಪ ಹೊತ್ತು ಕೂತ್ಕೊಳ್ಳಿ ಎನ್ನಬಹುದಿತ್ತು. ಅವಳು ಅನ್ನಲಿಲ್ಲ. ಈ ತನಕ ಒಮ್ಮೆಯೂ ಅಂದಿರಲಿಲ್ಲ.

ಹಿಂದುಗಡೆ ಹೋಗಿ ಕೈಕಾಲು ತೊಳೆದು ಅವಳು ಮರಳಿದಾಗ ಸ್ಟೂಲಿನ ಮೇಲೆ ಟೇಪಕ್ಕ ಕುಳಿತಿದ್ದಳು. ಎದುರಿಗೆ ಮ್ಯಾನೇಜರು.

"ಈ ಸ್ಟೂಲು ಯಾರಿಗೆ ಕೊಟ್ಟಿದ್ದು?"

"ಅವಳಿಗೆ. ಎದ್ದು ಹೋದ್ಲು, ಖಾಲಿ ಇತ್ತು, ಕೂತೆ. ಸವೆದು ಹೋಗುತ್ತಾ?"

"ಅಮ್ಮಾ, ನಾನೂ ಸಂಬಳಕ್ಕಿರೋನೇ. ಕ್ಯಾಮೆರಾದಲ್ಲಿ ನೋಡಿ ಯಜಮಾನ್ರು ನನಗೆ ಫೋನ್ ಮಾಡ್ತಾರೆ. ಈ ಮೇಡಮ್‌ದು ಬೆನ್ನು ಮುರಿದಿತ್ತು, ಡಾಕ್ಟರು ಹೇಳಿದಾರೆ. ನಿಮಗೇನಾಗಿದೆ?"

"ವಯಸ್ಸಾಗಿದೆ."

"ಅದಕ್ಕೆಲ್ಲ ಸ್ಟೂಲು ಕೊಡ್ತಾ ಹೋದ್ರೆ ಅಂಗಡಿ ತುಂಬಾ ಸ್ಟೂಲೇ ಆಗುತ್ತೆ." ಅವನು ಆಗಷ್ಟೇ ಬಂದು ನಿಂತಿದ್ದ ಅವಳ ಕಡೆ ತಿರುಗಿದ. ದನಿಯಲ್ಲಿ ಗದರಿಕೆ ಇರಲಿಲ್ಲ, ಆಧಾರಕ್ಕಾಗಿ ಕೇಳಿದಂತಿತ್ತು. "ನೀವೇ ಹೇಳಿ ಮೇಡಮ್. ಡಾಕ್ಟರು ಹೇಳಿದ್ದಕ್ಕೆ ತಾನೇ ನೀವು ಕೂತಿರೋದು?"

ಕೌಂಟರಿನ ಆಚೆ ಹುಡುಗಿಯರು ಸುತ್ತುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಿದ್ದರು.

"ಹೌದು ಸಾರ್," ಎಂದಳು ಅವಳು. "ಇನ್ನೂ ಸ್ವಲ್ಪ ದಿನ ಹಾಕ್ಕೋಬೇಕು."

"ಕೇಳಿಸ್ಕೊಂಡ್ರಾ? ನಿಂತು ಮಾಡೋಕಾಗಲ್ಲ ಅಂದ್ರೆ ನಾಳೆಯಿಂದ ಗೋಡೌನಿಗೆ ಹೋಗಿ. ಅಲ್ಲಿ ಕ್ಯಾಮೆರಾ ಇಲ್ಲ."

ಗೋಡೌನಿನಲ್ಲಿ ಬಟ್ಟೆಯ ಮೂಟೆಗಳನ್ನು ಎತ್ತಿ ಅಟ್ಟಕ್ಕೆ ಸೇರಿಸಬೇಕು. ಗಂಡಸರೇ ಅಲ್ಲಿ ಬಹಳ ದಿನ ನಿಲ್ಲುತ್ತಿರಲಿಲ್ಲ. ಟೇಪಕ್ಕ ಸ್ಟೂಲನ್ನು ಸೆರಗಿನಿಂದ ಒರೆಸಿ, ಅವಳತ್ತ ಸರಿಸಿ, ತನ್ನ ಜಾಗಕ್ಕೆ ಹೋಗಿ ನಿಂತಳು.

ಅವಳಿಗೆ ಕೂರಲಾಗಲಿಲ್ಲ. ನಿಲ್ಲಲೂ ಆಗಲಿಲ್ಲ. ಕೊನೆಗೆ ಕುಳಿತಳು.

ಅಂಗಡಿ ಮುಚ್ಚುವಾಗ, ಟೇಪಕ್ಕನ ಚಪ್ಪಲಿಯ ಪಕ್ಕ ತನ್ನ ಚಪ್ಪಲಿ ಹುಡುಕುತ್ತ ಅವಳು ಹೇಳಿದಳು. "ಅಕ್ಕ, ನಾನು ಅಲ್ಲಿ..."

"ನೀನೇನು ಮಾಡ್ತೀಯ ಬಿಡೇ. ಒಂದು ಮಾತು ಹೇಳ್ತೀನಿ, ಬೆಲ್ಟು ಬಿಚ್ಚೋಕೆ ಆತುರ ಮಾಡ್ಬೇಡ. ಬಿಚ್ಚಿದ ದಿನ ನಿನ್ನನ್ನೂ ನಿಲ್ಲಿಸ್ತಾರೆ."

ಆ ಮಾತಿನಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ. ಬರಿಯ ಕಾಳಜಿಯಿತ್ತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದುಕೊಳ್ಳುತ್ತ ಅವಳು ಬಸ್ಸು ಹತ್ತಿದಳು. ಬೆಲ್ಟು ಕಂಡ ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು.

ಮನೆಯಲ್ಲಿ ಗಂಡ ಈರುಳ್ಳಿ ಹೆಚ್ಚುತ್ತ ಕಣ್ಣೊರೆಸಿಕೊಳ್ಳುತ್ತಿದ್ದ. ಅತ್ತೆ ಅವಳ ಮುಖ ನೋಡಿ, "ಸೋತು ಹೋಗಿದೀಯ, ಹೋಗಿ ಬಿದ್ಕೋ" ಎಂದರು. ಅವಳು ಮಲಗಿ, ಪಟ್ಟಿಗಳನ್ನು ಸಡಿಲಿಸಿ, ತೊಲೆಯನ್ನು ನೋಡುತ್ತಿದ್ದಳು. ಏಣಿಯಿಂದ ಬೀಳುವುದಕ್ಕೆ ಮೊದಲು ಸೋತಿದ್ದೀಯಾ ಎಂದು ಇಲ್ಲಿ ಯಾರೂ ಕೇಳಿರಲಿಲ್ಲ. ಸೋತಿದ್ದೇನೆ ಎಂದು ಅವಳೂ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಕೇಳುತ್ತಿದ್ದರೋ ಇಲ್ಲವೋ, ಆಗಲೇ ಗೊತ್ತಾಗುತ್ತಿತ್ತು. ಇಂದು ಅಂಗಡಿಯಲ್ಲಿ ಮ್ಯಾನೇಜರು ಎದುರಿಗೇ ನಿಂತು ಕೇಳಿದ್ದರು, ಆಗಲೂ ಸುಳ್ಳು ಹೇಳಿದ್ದಳು.

ನಾಳೆ ಬೆಲ್ಟು ಹಾಕಿಕೊಳ್ಳದೆ ಹೊರಡುವುದು ಎಂದುಕೊಂಡಳು. ಟೇಪಕ್ಕ ಮೊದಲ ಮೂಟೆಗೆ ಕೈ ಹಾಕುವ ಮುಂಚೆ ಮ್ಯಾನೇಜರ ಮುಂದೆ ನಿಲ್ಲುವುದು. ಡಾಕ್ಟರು ಬಿಚ್ಚಲು ಹೇಳಿ ತಿಂಗಳಾಯಿತು, ನನ್ನ ಮೂಳೆ ಕೂಡಿದೆ, ಆದರೂ ನಿಂತರೆ ನೋಯುತ್ತದೆ, ಟೇಪಕ್ಕನಿಗೆ ನೋಯುವಂತೆಯೇ, ಎನ್ನುವುದು. ಅವರನ್ನು ಕೌಂಟರಿಗೆ ಕರೆಸಿ, ಆ ಸ್ಟೂಲು ಇಬ್ಬರಿಗೂ ಇರಲಿ, ಎನ್ನುವುದು. ಸ್ಟೂಲು ಹೋಗಬಹುದು. ಕೆಲಸವೂ ಹೋಗಬಹುದು. ಅಷ್ಟರಲ್ಲಿ ಟೇಪಕ್ಕ ಗೋಡೌನಿನ ಒಳಗೆ ಹೋಗಿಬಿಟ್ಟಿರಲೂಬಹುದು.

ಗಂಡ ಬಾಗಿಲಲ್ಲಿ ಇಣುಕಿದ. "ನಾಳೆ ಎಷ್ಟೊತ್ತಿಗೆ ಎಬ್ಬಿಸ್ಲಿ?"

"ಸ್ವಲ್ಪ ಬೇಗ," ಎಂದಳು.